ಹಣಕ್ಕೆ ಹದಿನೈದು ದಿನ, ಜಾಗಕ್ಕೆ ಗಡುವೇ ಇಲ್ಲ!



ನಮ್ಮ ಜನರಲ್ಲಿ ಈಚೆಗೆ ಬ್ಯಾಂಕ್ ಹರಾಜಿನ ಮಾತು ಜೋರಾಗಿದೆ. ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ ಸಿಗುತ್ತೆ, ಬ್ಯಾಂಕೇ ಮಾರುವುದರಿಂದ ಕಾಗದ ಪತ್ರ ಸರಿಯಿರುತ್ತೆ, ದಲ್ಲಾಳಿ ಕಾಟವಿಲ್ಲ, ದುಬೈಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲೇ ಬಿಡ್ ಮಾಡಬಹುದು... ಇವೆಲ್ಲ ಬಹುಮಟ್ಟಿಗೆ ನಿಜವೇ. ಆದರೆ ಜಾಗ ಕೈಗೆ ಬರುತ್ತದೆಯೇ ಅನ್ನುವ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ನಾನು ಕೇಳುತ್ತಿದ್ದೇನೆ. ಯಾಕೆಂದರೆ ನಾನು ದುಡ್ಡು ಕಟ್ಟಿದ್ದು 2400 ಚದರಡಿಗೆ, ನನಗೆ ಸಿಕ್ಕಿರುವುದು 1980.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 2002ರಲ್ಲಿ ಬಂದ ಸರ್ಫೇಸಿ ಕಾಯ್ದೆಯ ಪ್ರಕಾರ ಸಾಲ ತೀರಿಸದವನ ಅಡಮಾನದ ಆಸ್ತಿಯನ್ನು ಬ್ಯಾಂಕು ಕೋರ್ಟಿಗೆ ದಾವೆ ಹಾಕದೆಯೇ ವಶಕ್ಕೆ ಪಡೆದು ಮಾರಬಹುದು. 60 ದಿನದ ನೋಟಿಸು, ಆಮೇಲೆ ಸ್ವಾಧೀನ, ಆಮೇಲೆ ಹರಾಜು. ಇದಕ್ಕೊಂದು ನಿಯಮಾವಳಿ ಇದೆ, ಅದೂ 2002ರದ್ದೇ. ಅದರ 9ನೇ ನಿಯಮ ಹರಾಜು ಗೆದ್ದವನಿಗೆ ಹೇಳುವುದೇನು? ಬೆಲೆಯ ಶೇಕಡ 25ನ್ನು ಅದೇ ದಿನ, ಇಲ್ಲವೇ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟು. ಉಳಿದ ಶೇಕಡ 75ನ್ನು ಮಾರಾಟ ಖಾಯಂ ಆದ 15ನೇ ದಿನದೊಳಗೆ ಕಟ್ಟು. ಬ್ಯಾಂಕು ಒಪ್ಪಿ ಬರೆದುಕೊಟ್ಟರೆ ಹೆಚ್ಚೆಂದರೆ ಮೂರು ತಿಂಗಳು. ಅದೂ ತಪ್ಪಿದರೆ ಕಟ್ಟಿದ್ದು ಮುಟ್ಟುಗೋಲು! ಈ ಮುಟ್ಟುಗೋಲು ಅನ್ಯಾಯ ಅಂತ ಒಬ್ಬರು ಹೂಡಿದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರ ಫೆಬ್ರವರಿಯಲ್ಲಿ ಕೋರ್ಟು ಶೇಕಡ 25ನ್ನೂ ಪೂರ್ತಿ ಇಟ್ಟುಕೊಳ್ಳುವ ಹಕ್ಕು ಬ್ಯಾಂಕಿಗಿದೆ ಅಂದಿತು.

ಸರಿ, ಕೊಳ್ಳುವವನಿಗೆ ಶಿಸ್ತು ಇರಲಿ. ಇನ್ನೊಂದು ಕಡೆಗೆ?

ಕಾಯ್ದೆಯ 14ನೇ ಕಲಮಿನ ಪ್ರಕಾರ ಬ್ಯಾಂಕು ಜಾಗದ ನಿಜವಾದ ವಶಕ್ಕಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರ, ಅಂದರೆ ನಮ್ಮ ಡಿ.ಸಿ.ಯವರ, ನೆರವು ಕೇಳಬಹುದು. ಅರ್ಜಿ ಬಂದ 30 ದಿನದೊಳಗೆ ಆದೇಶ ಕೊಡಬೇಕು, ತಡವಾದರೆ ಕಾರಣ ಬರೆದಿಟ್ಟು ಒಟ್ಟು 60 ದಿನದೊಳಗೆ. ಓದಲು ಚೆನ್ನಾಗಿದೆ. ಆದರೆ 2020ರ ನವೆಂಬರಿನಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ಗಡುವು ಕಡ್ಡಾಯವಲ್ಲ, ಬರೀ ಮಾರ್ಗದರ್ಶಕ ಅಂತ ತೀರ್ಪು ಕೊಟ್ಟಿದೆ. ಗಡುವು ಮೀರಿದರೆ ಅಧಿಕಾರ ಹೋಗುವುದಿಲ್ಲವಂತೆ. ತೀರ್ಪಿನ ಉದ್ದೇಶ ಒಳ್ಳೆಯದೇ. ಡಿ.ಸಿ. ತಡ ಮಾಡಿದ್ದಕ್ಕೆ ಬ್ಯಾಂಕು ಯಾಕೆ ನಷ್ಟ ಅನುಭವಿಸಬೇಕು ಅನ್ನುವುದು. ಆದರೆ ಒಟ್ಟು ಚಿತ್ರ ನೋಡಿ ಸ್ವಾಮಿ. ದುಡ್ಡು ಕೊಡುವವನ 15 ದಿನ ಕಲ್ಲಿನಲ್ಲಿ ಕೆತ್ತಿದ್ದು. ಸರ್ಕಾರದ 60 ದಿನ ಮರಳಿನಲ್ಲಿ ಬರೆದದ್ದು. ಇನ್ನು ದುಡ್ಡು ತೆಗೆದುಕೊಂಡ ಬ್ಯಾಂಕು ಎಷ್ಟು ದಿನದಲ್ಲಿ ಜಾಗ ಒಪ್ಪಿಸಬೇಕು? ನಿಯಮಾವಳಿಯಲ್ಲಿ ಅದಕ್ಕೆ ಒಂದು ಸಂಖ್ಯೆಯೂ ಇಲ್ಲ!

ಈಗ ನನ್ನ ಕಥೆ, ಚಿಕ್ಕದಾಗಿ. ಮೈಸೂರಿನ ಹೊರವಲಯದ ಒಂದು ಬಡಾವಣೆ, ಮುಡಾ ಅನುಮೋದಿತ. (ಮುಡಾ ಅಂದ ಕೂಡಲೇ ನಗಬೇಡಿ. 2024ರಲ್ಲಿ ದೇಶವೆಲ್ಲ ಆ ಹೆಸರು ಕೇಳಿತು, ನನ್ನದು ಆ ಕಥೆಯಲ್ಲ.) 40 × 60ರ ಸೈಟು, ಅದರಲ್ಲೊಂದು ಹಳೆಯ ಮನೆ. ಮಾಲೀಕರು ವ್ಯಾಪಾರಕ್ಕೆ ಸಾಲ ತೆಗೆದು, ನೆಲಕಚ್ಚಿ, ಮನೆ ಬಿಟ್ಟು ಊರು ಸೇರಿದ್ದರು. ಬ್ಯಾಂಕು 2022ರಲ್ಲಿ ಗೇಟಿಗೆ ನೋಟಿಸು ಅಂಟಿಸಿ ‘ಸಾಂಕೇತಿಕ ಸ್ವಾಧೀನ’ ತೆಗೆದುಕೊಂಡಿತು. ಹರಾಜಾಗಿದ್ದು 2024ರಲ್ಲಿ. ನಡುವೆ ಎರಡು ವರ್ಷ ಮನೆಗೆ ಬೀಗ, ಸುತ್ತ ಗಿಡಗಂಟಿ. ಪಕ್ಕದ ಮನೆಯವರು ಈ ಅವಕಾಶದಲ್ಲಿ ನಡುವಿನ ಗೋಡೆ ಕೆಡವಿ, ಏಳಡಿ ಈಚೆಗೆ ಹೊಸ ಗೋಡೆ ಕಟ್ಟಿ, ಶೀಟು ಹೊದಿಸಿ, ಕಾರು ನಿಲ್ಲಿಸಿಕೊಂಡರು. ಏಳಡಿ ಅಗಲ, ಅರವತ್ತಡಿ ಉದ್ದ. ಗುಣಿಸಿ ನೋಡಿ, 420 ಚದರಡಿ! ಲೆಕ್ಕ ನಾನು ಹೊಂದಿಸಿದ್ದಲ್ಲ. 2024ರ ಜುಲೈನಿಂದ ನ್ಯಾಯ ಸಂಹಿತೆ ಬಂದು ಆ ಕಲಮಿನ ಸಂಖ್ಯೆಯೂ ಬದಲಾಗಿದೆ, ಇನ್ನು ಬೈಗುಳಕ್ಕೆ ಮಾತ್ರ ಉಪಯೋಗ.

ಬಿಡ್ ಮಾಡುವ ಮುಂಚೆ ಜಾಗ ನೋಡಲು ಬ್ಯಾಂಕು ಕೊಟ್ಟ ದಿನ ನಮ್ಮ ತಂದೆಯವರು ಟೇಪು ಹಿಡಿದೇ ಹೋಗಿದ್ದರು. ಬ್ಯಾಂಕಿನ ಅಧಿಕಾರಿಯ ಹತ್ತಿರ ಬೀಗದ ಕೈ ಇರಲಿಲ್ಲ. ಹೊರಗಿನಿಂದ ನೋಡಿಕೊಳ್ಳಿ ಅಂದರು. ಸೈಟಿನ ಅಳತೆ ಖಚಿತಪಡಿಸಿ ಅಂತ ನಾನು ಇ-ಮೇಲ್ ಬರೆದೆ. ಬಂದ ಉತ್ತರ ಒಂದೇ ಸಾಲು: ಮಾರಾಟ ‘ಆಸ್ ಈಸ್ ವೇರ್ ಈಸ್, ಆಸ್ ಈಸ್ ವಾಟ್ ಈಸ್, ವಾಟೆವರ್ ದೇರ್ ಈಸ್’ ಆಧಾರದ ಮೇಲೆ. ಇದ್ದಲ್ಲೇ, ಇದ್ದ ಹಾಗೆ, ಏನಿದೆಯೋ ಅದು. ಗೋಡೆ ಸರಿದಿರುವ ಸಂಗತಿ ತಿಳಿದದ್ದು ಹಣ ಪೂರ್ತಿ ಕಟ್ಟಿ, ಸೇಲ್ ಸರ್ಟಿಫಿಕೇಟ್ ಬಂದು, ಸರ್ವೆಯರ್ ಒಳಗೆ ಕಾಲಿಟ್ಟ ದಿನ.

ಈ ‘ಆಸ್ ಈಸ್’ ಅನ್ನುವ ಪದ ನಮ್ಮ ವೃತ್ತಿಯವರಿಗೆ ಹೊಸದಲ್ಲ. ಓಪನ್ ಸೋರ್ಸ್ ಲೈಸೆನ್ಸುಗಳಲ್ಲೆಲ್ಲ ಇರುತ್ತದೆ: ತಂತ್ರಾಂಶ ಇದ್ದ ಹಾಗಿದೆ, ನಾವು ಹೊಣೆಯಲ್ಲ. ಅದರಲ್ಲೊಂದು ನ್ಯಾಯವಿದೆ, ಅದನ್ನು ಪುಕ್ಕಟೆ ಕೊಡುತ್ತಾರೆ. ಜೊತೆಗೆ ಸೋರ್ಸ್ ಕೋಡ್ ತೆರೆದಿಟ್ಟಿರುತ್ತಾರೆ, ಬೇಕಾದವನು ಓದಿ ನೋಡಿಕೊಳ್ಳಬಹುದು. ಬ್ಯಾಂಕು ಲಕ್ಷಗಟ್ಟಲೆ ತೆಗೆದುಕೊಳ್ಳುತ್ತದೆ, ಒಳಗೆ ಬಿಡುವುದೂ ಇಲ್ಲ, ಆಮೇಲೆ ‘ಆಸ್ ಈಸ್’ ಅನ್ನುತ್ತದೆ. ನಾವು ಗ್ರಾಹಕನಿಗೆ ಹೀಗೆ ಡೆಲಿವರಿ ಕೊಟ್ಟರೆ ಮರುದಿನ ಕೆಲಸ ಇರುತ್ತದೆಯೇ?

‘ಆಸ್ ಈಸ್’ ಅಂದರೆ ಮನೆಯ ಸೂರು ಸೋರುತ್ತಿದ್ದರೆ ಕೊಂಡವನ ತಲೆನೋವು, ಬಣ್ಣ ಹೋಗಿದ್ದರೆ ಕೊಂಡವನ ತಲೆನೋವು. ಹಳೆಯ ಮಾಲೀಕನ ಕರೆಂಟು ಬಾಕಿ ಕೂಡ ಕೊಂಡವನ ತಲೆಗೆ ಬರಬಹುದು ಅಂತ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ಬಿಡ್ ಮಾಡುವವರು ವಿದ್ಯುತ್ ಬಿಲ್ಲು ವಿಚಾರಿಸಿಕೊಳ್ಳಿ. ಆದರೆ ನೋಟಿಸಿನಲ್ಲಿ 2400 ಚದರಡಿ ಅಂತ ಬರೆದು, ಅದಕ್ಕೇ ಮೀಸಲು ಬೆಲೆ ಕಟ್ಟಿ, ಸೇಲ್ ಸರ್ಟಿಫಿಕೇಟಿನಲ್ಲೂ 2400 ಅಂತ ಬರೆದು, 1980 ಕೊಡುವುದು ‘ಇದ್ದ ಹಾಗೆ’ ಹೇಗಾಗುತ್ತದೆ? ಇದ್ದ ಹಾಗೆ ಅನ್ನುವುದಾದರೆ ಇರುವುದನ್ನು ಬರೆಯಬೇಕಿತ್ತು.

ನಿಯಮಾವಳಿಯಲ್ಲೇ ಬ್ಯಾಂಕಿನ ಹೊಣೆಯ ಮಾತುಗಳಿವೆ, ಯಾರೂ ಓದುವುದಿಲ್ಲ ಅಷ್ಟೆ. 8ನೇ ನಿಯಮದ 4ನೇ ಉಪನಿಯಮ: ಆಸ್ತಿ ಮಾರಾಟವಾಗುವ ತನಕ ಅದರ ಸಂರಕ್ಷಣೆಗೆ ಅಧಿಕೃತ ಅಧಿಕಾರಿ ಕ್ರಮ ಕೈಗೊಳ್ಳಬೇಕು. ನಿಜವಾದ ವಶ ತೆಗೆದುಕೊಂಡಿದ್ದರಂತೂ, 3ನೇ ಉಪನಿಯಮದ ಪ್ರಕಾರ, ಸಾಮಾನ್ಯ ವಿವೇಕವುಳ್ಳ ಮಾಲೀಕ ತನ್ನ ಆಸ್ತಿಯನ್ನು ನೋಡಿಕೊಳ್ಳುವಷ್ಟು ಜೋಪಾನ ಮಾಡಬೇಕು. ಯಾವ ವಿವೇಕಿ ಮಾಲೀಕ ಎರಡು ವರ್ಷ ಒಮ್ಮೆಯೂ ಬಂದು ನೋಡದೆ ಇರುತ್ತಾನೆ? ಅದಕ್ಕೇ ಬ್ಯಾಂಕುಗಳು ಸಾಂಕೇತಿಕ ಸ್ವಾಧೀನವನ್ನು ಇಷ್ಟಪಡುವುದು. ಕಾಗದ ಅಂಟಿಸಿದರೆ ಸ್ವಾಧೀನವೂ ಆಯಿತು, ಜೋಪಾನದ ಹೊಣೆಯೂ ತಪ್ಪಿತು. 8ರ 5ನೇ ಉಪನಿಯಮದ ಪ್ರಕಾರ ಮಾರಾಟಕ್ಕೆ ಮುಂಚೆ ಅನುಮೋದಿತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಲೇಬೇಕು. ಹಾಗಾದರೆ ಬ್ಯಾಂಕಿನ ಕಡೆಯಿಂದ ಒಬ್ಬರು ಆ ಸೈಟಿನ ಮುಂದೆ ನಿಂತಿದ್ದಾರೆ. ಅವರು ಟೇಪು ಹಿಡಿದಿದ್ದರೋ ಇಲ್ಲವೋ ತಿಳಿಯಲು ನಾನು ವರದಿಯ ಪ್ರತಿ ಕೇಳಿದೆ. ಕೊಡಲಿಲ್ಲ.

ಇನ್ನು 9ನೇ ನಿಯಮದ 9ನೇ ಉಪನಿಯಮ. ಇದನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಅಧಿಕೃತ ಅಧಿಕಾರಿ ಆಸ್ತಿಯನ್ನು ಕೊಂಡವನಿಗೆ ಒಪ್ಪಿಸಬೇಕು, ಬ್ಯಾಂಕಿಗೆ ‘ತಿಳಿದಿರುವ’ ಋಣಭಾರಗಳಿಂದ ಮುಕ್ತವಾಗಿ. ಒಪ್ಪಿಸಬೇಕು ಅನ್ನುವುದು ಆಜ್ಞೆ. ಆದರೆ ಬ್ಯಾಂಕಿನ ವಕೀಲರು ಹಿಡಿದುಕೊಳ್ಳುವುದು ‘ತಿಳಿದಿರುವ’ ಅನ್ನುವ ಪದವನ್ನು. ನೋಡದಿದ್ದರೆ ತಿಳಿಯುವುದಿಲ್ಲ, ತಿಳಿಯದಿದ್ದರೆ ಹೊಣೆಯಿಲ್ಲ! ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕಿನ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು, ಇಲ್ಲಿ ಬೆಕ್ಕಿಗೆ ಕಾನೂನಿನ ರಕ್ಷಣೆ ಬೇರೆ.

ಈ ವಿಷಯ ಇಲ್ಲಿ ಅಲ್ ಕುಸೈಸ್‌ನ ಕರಕ್ ಚಹಾ ಅಂಗಡಿಯ ಮುಂದೆ ಗೆಳೆಯರ ಹತ್ತಿರ ಹೇಳಿಕೊಂಡಾಗ ಬಂದ ಸಲಹೆ ಕೇಳಿ. “ನಾಲ್ಕು ಹುಡುಗರನ್ನು ಕಳಿಸು, ಭಾನುವಾರ ಬೆಳಿಗ್ಗೆ ಜೆಸಿಬಿ ತರಿಸು, ಸೋಮವಾರ ಕೋರ್ಟು ತೆರೆಯುವಷ್ಟರಲ್ಲಿ ಗೋಡೆ ಇರಬಾರದು.” ಹೇಳಿದವರು ಓದಿದವರು, ಒಳ್ಳೆ ಕಂಪನಿಗಳಲ್ಲಿ ಇರುವವರು. ಇಲ್ಲಿ ಟ್ರಾಫಿಕ್ ಸಿಗ್ನಲ್ ದಾಟಲು ಹೆದರುವ ನಾವು ಊರಿನಲ್ಲಿ ರೌಡಿಗಳನ್ನು ಬಾಡಿಗೆಗೆ ಹಿಡಿಯಲು ಹಿಂಜರಿಯುವುದಿಲ್ಲವಲ್ಲ, ಇದೇನು ಗುಣ? ನಾಳೆ ಇದೇ ಹುಡುಗರು ನಮ್ಮ ಅಪ್ಪ ಅಮ್ಮ ಇಬ್ಬರೇ ಇರುವ ಮನೆಯ ಕಾಂಪೌಂಡಿಗೆ ಬರುವುದಿಲ್ಲ ಅನ್ನುವ ಗ್ಯಾರಂಟಿ ಏನು? ವಿದೇಶದಲ್ಲಿ ಇರುವವರ ಆಸ್ತಿಯೇ ಊರಿನಲ್ಲಿ ಸುಲಭದ ತುತ್ತು.

ನೀತಿಯ ಮಾತು ಹಾಗಿರಲಿ, ಕಾನೂನಿನ ಲೆಕ್ಕದಲ್ಲೂ ಇದು ದಡ್ಡತನ. 2003ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ನಮ್ಮದೇ ಕರ್ನಾಟಕದ ಒಂದು ತಕರಾರನ್ನು ತೀರ್ಮಾನಿಸಿತು, ವಕೀಲರು ರಾಮೇಗೌಡ ಪ್ರಕರಣ ಅನ್ನುತ್ತಾರೆ. ಅಕ್ಕಪಕ್ಕದ ಎರಡು ಜಾಗ, ನಡುವಿನ ಗಡಿಯ ಜಗಳ, ಹೆಚ್ಚು ಕಡಿಮೆ ನನ್ನದೇ ಥರ. ಕೋರ್ಟು ಹೇಳಿದ್ದು: ಒಬ್ಬ ಜಾಗದಲ್ಲಿ ನೆಲೆಯೂರಿ ಕೂತಿದ್ದರೆ, ಅವನಿಗೆ ಹಕ್ಕುಪತ್ರ ಇಲ್ಲದಿದ್ದರೂ, ನಿಜವಾದ ಮಾಲೀಕ ಕೂಡ ಕಾನೂನಿನ ದಾರಿಯಲ್ಲೇ ಅವನನ್ನು ಎಬ್ಬಿಸಬೇಕು, ಬಲವಂತದಿಂದಲ್ಲ. ಹುಡುಗರನ್ನು ಕಳಿಸಿದ ಮರುದಿನ ಕಳ್ಳ ನೆರೆಯವನೇ ಕೋರ್ಟಿನಲ್ಲಿ ಪೀಡಿತನಾಗಿ ನಿಲ್ಲುತ್ತಾನೆ, ನಾವು ಆರೋಪಿಯಾಗಿ. ಮುಂದಿನ ಸಲ ರಜೆಗೆ ಊರಿಗೆ ಇಳಿದಾಗ ಏರ್‌ಪೋರ್ಟಿನಲ್ಲಿ ಏನು ಕಾದಿರುತ್ತದೋ!

ಎರಡನೇ ಸಲಹೆ ಇನ್ನೂ ಸಲೀಸು: “ಬಿಟ್ಟುಬಿಡು ಮಾರಾಯ, 420 ಅಡಿ ತಾನೇ.” ಮೂರನೆಯದು, ಯಾರಿಗೂ ಹೇಳದೆ ಇನ್ನೊಬ್ಬನಿಗೆ ಮಾರಿಬಿಡು. ಇದಕ್ಕೆ ಉತ್ತರವೇ ಬೇಡ.

ಇಲ್ಲೊಂದು ಮಾತು ಸ್ಪಷ್ಟವಾಗಲಿ. ನಾನು ಸಾಲಗಾರನ ವಿರುದ್ಧ ಬರೆಯುತ್ತಿಲ್ಲ. 2008ರಲ್ಲಿ, 2020ರಲ್ಲಿ ಕೆಲಸ ಹೋಗಿ ಕಂತು ಕಟ್ಟಲಾಗದೆ ಬರಿಗೈಲಿ ಊರಿಗೆ ಹೋದವರು ಈ ಗಲ್ಫಿನಿಂದಲೇ ಎಷ್ಟು ಮಂದಿ! ಹರಾಜಿಗೆ ಬರುವ ಮನೆ ನಮ್ಮಂಥವನದ್ದೇ ಇರಬಹುದು. ಅಂಥವನಿಗೆ ಕಾನೂನು ಕೊಟ್ಟಿರುವ ನೋಟಿಸು, ಸಾಲ ವಸೂಲಾತಿ ನ್ಯಾಯಮಂಡಳಿಗೆ ಅಂದರೆ ಡಿಆರ್‌ಟಿಗೆ ಹೋಗಲು 45 ದಿನ, ಎಲ್ಲ ಇರಲೇಬೇಕು. ಹಾಗೆಯೇ ಬಾಡಿಗೆದಾರರಿಗೆ 2016ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ರಕ್ಷಣೆಯೂ ಸರಿಯೇ, ನಾನೂ ಇಲ್ಲಿ ಬಾಡಿಗೆದಾರನೇ. ನನ್ನ ಜಗಳ ಇರುವುದು ಸಾಲವನ್ನೂ ತೆಗೆದುಕೊಳ್ಳದೆ, ಬಾಡಿಗೆಯನ್ನೂ ಕೊಡದೆ, ಬೀಗ ಬಿದ್ದ ಮನೆಯ ಗೋಡೆ ಸರಿಸಿದವನ ಹತ್ತಿರ. ಮತ್ತು ಅದನ್ನು ನೋಡದೆ ಕೂತ ಬ್ಯಾಂಕಿನ ಹತ್ತಿರ.

ಬ್ಯಾಂಕು ಈಗ ಏನನ್ನುತ್ತದೆ? ಹಳೆಯ ಮಾಲೀಕರು ಬೀಗದ ಕೈ ಕಳಿಸಿಕೊಟ್ಟಿದ್ದಾರೆ (ಅವರ ದೊಡ್ಡಗುಣ), ತೆಗೆದುಕೊಳ್ಳಿ, ‘2400 ಚದರಡಿಯ ಆಸ್ತಿಯ ಖಾಲಿ ಸ್ವಾಧೀನ ಪಡೆದಿದ್ದೇನೆ’ ಅಂತ ಪತ್ರಕ್ಕೆ ಸಹಿ ಹಾಕಿ, ಒತ್ತುವರಿ ವಿಷಯ ನೀವುಂಟು ಸಿವಿಲ್ ಕೋರ್ಟುಂಟು. ಗೆಳೆಯರೇ, ಈ ಪತ್ರವೇ ಖೆಡ್ಡಾ! ಸಹಿ ಹಾಕಿದ ಕ್ಷಣ ಬ್ಯಾಂಕು ಒಪ್ಪಿಸಿದಂತಾಯಿತು, ಅದರ ಕೆಲಸ ಮುಗಿಯಿತು. ಸಹಿ ಹಾಕುವ ತನಕ ಅದರ ಕೆಲಸ ಮುಗಿದಿಲ್ಲ. ಇದು ನನ್ನ ಊಹೆಯಲ್ಲ, ನಮ್ಮ ಪಕ್ಕದ ಗೋವಾದಿಂದಲೇ ಬಂದ ತೀರ್ಪು ಇದೆ.

ಅಲ್ಲಿನ ಸಮುದ್ರ ತೀರದ ಒಂದು ಐಷಾರಾಮಿ ಹೋಟೆಲನ್ನು ಸಾಲ ಕೊಟ್ಟ ಐಎಫ್‌ಸಿಐ 2015ರ ಫೆಬ್ರವರಿಯಲ್ಲಿ ಹರಾಜು ಹಾಕಿತು. ಐಟಿಸಿ ಕಂಪನಿ ಸುಮಾರು 515 ಕೋಟಿಗೆ ಹಿಡಿಯಿತು. ಸಾಲಗಾರ ಬ್ಲೂ ಕೋಸ್ಟ್ ಹೋಟೆಲ್ಸ್ ಬಿಟ್ಟುಕೊಡಲಿಲ್ಲ. ಅಲ್ಲೂ ಆಗಿದ್ದು ಸಾಂಕೇತಿಕ ಸ್ವಾಧೀನವೇ. ಮಾರಾಟವಾದ ಮೇಲೆ ಆಸ್ತಿ ಬ್ಯಾಂಕಿನದ್ದಲ್ಲ, ಆದ್ದರಿಂದ 14ನೇ ಕಲಮಿನ ಅರ್ಜಿ ಹಾಕುವ ಹಕ್ಕು ಸಾಲ ಕೊಟ್ಟವನಿಗೆ ಉಳಿದಿಲ್ಲ ಅನ್ನುವುದು ಸಾಲಗಾರನ ವಾದ. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಕೊಂಡವನಿಗೆ ನಿಜವಾದ ವಶ ಕೊಡುವ ತನಕ ಸಾಲ ಕೊಟ್ಟವನ ಹಿತಾಸಕ್ತಿ ಆಸ್ತಿಯಲ್ಲಿ ಇದ್ದೇ ಇರುತ್ತದೆ, ಮಾರಾಟದ ನಂತರವೂ ಅರ್ಜಿ ಹಾಕಬಹುದು ಅಂದಿತು. ಐಟಿಸಿಯಂಥ ದೈತ್ಯನಿಗೇ ಮೂರು ವರ್ಷ ಹಿಡಿಯಿತು, ನಮ್ಮ ನಿಮ್ಮ ಪಾಡೇನು ಅಂತ ನಿಟ್ಟುಸಿರು ಬಿಡಬಹುದು. ನಾನು ಇದನ್ನು ಇನ್ನೊಂದು ಥರ ಓದುತ್ತೇನೆ. ಬ್ಯಾಂಕಿಗೆ ಇಂದೂ ಡಿ.ಸಿ. ಹತ್ತಿರ ಹೋಗುವ ದಾರಿ ಇದೆ, ಅದು ಹೋಗುತ್ತಿಲ್ಲ. ಆದ್ದರಿಂದ ನಾನು ಬರೆದುಕೊಟ್ಟಿರುವುದು ಇಷ್ಟೇ: 1980 ಚದರಡಿ ಸಿಕ್ಕಿದೆ ಅಂತ ಪತ್ರ ತನ್ನಿ, ಈಗಲೇ ಸಹಿ ಹಾಕುತ್ತೇನೆ. 2400ರ ಪತ್ರಕ್ಕೆ 2400 ತೋರಿಸಿ.

ಸಿವಿಲ್ ಕೋರ್ಟಿಗೆ ಹೋಗಬಾರದೇ ಅಂತ ಕೇಳುವಿರಿ. ಹೋಗಬಹುದು. ಹಕ್ಕಿನ ಆಧಾರದ ಮೇಲೆ ಸ್ವಾಧೀನ ಕೇಳಲು 12 ವರ್ಷದ ಕಾಲಾವಧಿ ಇದೆ, ಕಮಿಷನರ್ ನೇಮಿಸಿ ಅಳೆಸಬಹುದು. ಆದರೆ ಬೇಗ ಮುಗಿಸಲೆಂದೇ ಇರುವ ದಾರಿ, ಅಂದರೆ ಆರು ತಿಂಗಳೊಳಗೆ ಹಾಕುವ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ದಾವೆ, ಅದು ಸ್ವಾಧೀನ ಕಳೆದುಕೊಂಡವನಿಗೆ. ಹರಾಜಿನಲ್ಲಿ ಕೊಂಡವನಿಗೆ ಸ್ವಾಧೀನ ಸಿಕ್ಕೇ ಇಲ್ಲವಲ್ಲ, ಕಳೆದುಕೊಳ್ಳುವುದು ಎಲ್ಲಿಂದ? ಉಳಿದ ದಾವೆಗೆ ಕರ್ನಾಟಕದ 1958ರ ಕಾಯ್ದೆಯಂತೆ ಜಾಗದ ಮಾರುಕಟ್ಟೆ ಬೆಲೆಯ ಮೇಲೆ ಕೋರ್ಟು ಶುಲ್ಕ. ದುಡ್ಡು ಕೊಟ್ಟು ಕೊಂಡ ಜಾಗಕ್ಕೆ ಇನ್ನೊಮ್ಮೆ ದುಡ್ಡು ಕಟ್ಟಿ ಅರ್ಜಿ ಹಾಕಬೇಕು. ಗ್ರಾಹಕರ ಕೋರ್ಟು? 2009ರಲ್ಲಿ ಚಂಡೀಗಢದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇದ್ದ ಹಾಗಿರುವ ನಿವೇಶನವನ್ನು ಬಹಿರಂಗ ಹರಾಜಿನಲ್ಲಿ ಹಿಡಿದವನು ಗ್ರಾಹಕನೇ ಅಲ್ಲ ಅಂದಿದೆ. ಪೊಲೀಸರು? “ಸಿವಿಲ್ ಮ್ಯಾಟರ್ ಸಾರ್.”

ಭೂಗಳ್ಳರಿಗೆ ವಿಶೇಷ ಕೋರ್ಟು ಇದೆಯಲ್ಲ ಬೆಂಗಳೂರಿನಲ್ಲಿ? ಇದೆ. ಕರ್ನಾಟಕ ಭೂಕಬಳಿಕೆ ನಿಷೇಧ ಕಾಯ್ದೆ, 2011. ಆದರೆ ಅದು ಸರ್ಕಾರಿ, ಸ್ಥಳೀಯ ಸಂಸ್ಥೆ, ವಕ್ಫ್, ಮುಜರಾಯಿ ಇಂಥ ಜಮೀನುಗಳಿಗೆ ಮಾತ್ರ. ಖಾಸಗಿ ಜಾಗ ನುಂಗಿದರೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಆಂಧ್ರದವರು 1982ರಲ್ಲೇ ಮಾಡಿದ ಕಾಯ್ದೆಯಲ್ಲಿ ಖಾಸಗಿ ವ್ಯಕ್ತಿಯ ಜಮೀನೂ ಸೇರಿತ್ತು. ಗುಜರಾತಿನವರು 2020ರಲ್ಲಿ ಸೇರಿಸಿದರು. ನಮ್ಮ ವಿಧಾನಸೌಧಕ್ಕೆ ಮಾತ್ರ ತನ್ನ ಜಮೀನು ಹೋದರಷ್ಟೇ ನೋವು. (ಅದನ್ನಾದರೂ ಉಳಿಸಿಕೊಂಡಿತೇ ಅನ್ನುವುದು ಬೇರೆ ಮಾತು. 2007ರ ಎ.ಟಿ. ರಾಮಸ್ವಾಮಿ ಸಮಿತಿ ವರದಿ ಓದಿದವರಿಗೆ ಗೊತ್ತು.)

ಈಗ ಕನ್ನಡದ ವಿಷಯ. ಇದರಲ್ಲಿ ಕನ್ನಡ ಎಲ್ಲಿಂದ ಬಂತು ಅಂತ ಕೆಲವರು ಹುಬ್ಬೇರಿಸಬಹುದು. ಬಂದೇ ಬರುತ್ತದೆ! ಸ್ವಾಧೀನದ ನೋಟಿಸು, ಮಾರಾಟದ ನೋಟಿಸು ಎರಡನ್ನೂ ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಅದರಲ್ಲೊಂದು ಆ ಊರಿನಲ್ಲಿ ಸಾಕಷ್ಟು ಪ್ರಸಾರವಿರುವ ಸ್ಥಳೀಯ ಭಾಷೆಯ ಪತ್ರಿಕೆ ಆಗಿರಬೇಕು ಅನ್ನುತ್ತದೆ 8ನೇ ನಿಯಮ. ನನ್ನ ಸೈಟಿನ ನೋಟಿಸು ಕನ್ನಡ ಪತ್ರಿಕೆಯಲ್ಲೇ ಬಂದಿತ್ತು, ಇಂಗ್ಲಿಷಿನಲ್ಲಿ! ನಿಯಮ ಹೇಳಿದ್ದು ಪತ್ರಿಕೆಯ ಭಾಷೆ, ಜಾಹೀರಾತಿನ ಭಾಷೆಯಲ್ಲ ಅನ್ನುವ ಕುಯುಕ್ತಿ. ಗೇಟಿಗೆ ಅಂಟಿಸಿದ್ದೂ ಇಂಗ್ಲಿಷ್ ಕಾಗದ, ಚಕ್ಕುಬಂದಿ ಕೂಡ ಇಂಗ್ಲಿಷಿನಲ್ಲಿ, ಇರುವೆ ಗಾತ್ರದ ಅಕ್ಷರ. ನೆರೆಯವರು ಈಗ ಹೇಳುವುದೇನು ಗೊತ್ತೇ? ಅದೇನು ಕಾಗದವೋ ನಮಗೆ ಓದಲು ಬರಲಿಲ್ಲ, ಜಾಗ ಯಾರದ್ದೂ ಅಲ್ಲ ಅಂದುಕೊಂಡೆವು. ಸುಳ್ಳೇ ಇರಬಹುದು, ಆದರೆ ಆ ಸುಳ್ಳಿಗೆ ಜಾಗ ಮಾಡಿಕೊಟ್ಟವರು ಯಾರು? ಗೇಟಿನ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ “ಪೂರ್ವ ಪಶ್ಚಿಮ 40 ಅಡಿ, ಉತ್ತರ ದಕ್ಷಿಣ 60 ಅಡಿ, ಪಶ್ಚಿಮಕ್ಕೆ ಇಂಥ ನಂಬರಿನ ಸೈಟು, ಈ ಆಸ್ತಿ ಬ್ಯಾಂಕಿನ ವಶದಲ್ಲಿದೆ” ಅಂತ ಒಂದು ಫಲಕ ಹಾಕಿದ್ದರೆ, ನೆರೆಯವರು ಕಂಬ ನೆಡುವ ಮುಂಚೆ ಎರಡು ಸಲ ಯೋಚಿಸುತ್ತಿರಲಿಲ್ಲವೇ? ಬೀದಿಯ ನಾಲ್ಕು ಜನವಾದರೂ ಕೇಳುತ್ತಿರಲಿಲ್ಲವೇ? ಒಂದು ಫಲಕಕ್ಕೆ ಎಷ್ಟು ಖರ್ಚು?

ಖಾತೆ ತೆರೆಯುವ ಅರ್ಜಿ, ಹಣ ಕಟ್ಟುವ ಚೀಟಿ, ಪಾಸ್‌ಬುಕ್ಕು ಇವೆಲ್ಲ ರಾಜ್ಯದ ಭಾಷೆಯಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕು ಹೇಳಿದೆ. ಐನೂರು ರೂಪಾಯಿ ಕಟ್ಟುವ ಚೀಟಿಗೆ ಕನ್ನಡ ಬೇಕು, ಇಡೀ ಮನೆ ಹರಾಜಾಗುವ ನೋಟಿಸಿಗೆ ಬೇಡವೇ? ಸ್ಥಳಕ್ಕೆ ಬಂದ ಅಧಿಕೃತ ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. ಅವರ ಮೇಲೆ ನನಗೆ ಕೋಪವಿಲ್ಲ, ಅವರನ್ನು ಎಲ್ಲಿಂದಲೋ ತಂದು ಮೈಸೂರಿಗೆ ಹಾಕಿದ್ದಾರೆ. ಆದರೆ ನೆರೆಹೊರೆಯವರನ್ನು ಮಾತಾಡಿಸಲಾಗದ ಅಧಿಕಾರಿ ಗಡಿ ಹೇಗೆ ತಿಳಿಯುತ್ತಾನೆ? ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ವಿಲೀನವಾಗಿ ಹೋದವು. ಹೋಗಿದ್ದು ಬರೀ ಹೆಸರಲ್ಲ, ಊರಿನ ಗುರುತು ಬಲ್ಲ ಮ್ಯಾನೇಜರೂ ಅವುಗಳ ಜೊತೆ ಹೋದರು ಅನ್ನಿಸುತ್ತದೆ ನನಗೆ.

ಇನ್ನೊಂದು ಕೇಳಿ. ಬ್ಯಾಂಕಿನ ನಡೆ ತಪ್ಪು ಅಂತ ಬೆಂಗಳೂರಿನ ಡಿಆರ್‌ಟಿಗೆ ಹೋಗಿ ಸೋತರೆ ಮೇಲ್ಮನವಿ ಎಲ್ಲಿ? ಚೆನ್ನೈಯಲ್ಲಿ! ಇಡೀ ಕರ್ನಾಟಕಕ್ಕೆ ತನ್ನದೇ ಮೇಲ್ಮನವಿ ನ್ಯಾಯಮಂಡಳಿ ಇಲ್ಲ. ದೇಶದ ತಂತ್ರಾಂಶ ರಾಜಧಾನಿ, ತೆರಿಗೆ ಕಟ್ಟುವುದರಲ್ಲಿ ಮುಂದು, ನ್ಯಾಯ ಕೇಳಲು ಮಾತ್ರ ರಾತ್ರಿ ರೈಲು ಹತ್ತಬೇಕು.

ದುಬೈಯನ್ನು ಹೊಗಳುವ ಚಟ ನನಗಿಲ್ಲ. ಇಪ್ಪತ್ತು ವರ್ಷ ಇದ್ದರೂ ಇಲ್ಲಿ ನಾವು ವೀಸಾ ಮೇಲಿರುವವರೇ. ಆದರೂ ಕಣ್ಣಿಗೆ ಕಂಡದ್ದು ಹೇಳಬೇಕು. ನಾನಿರುವ ಅಲ್ ಕುಸೈಸ್ ಕಟ್ಟಡದ ಬಾಗಿಲಲ್ಲಿ ಹತ್ತು ಅಂಕೆಯ ಮಕಾನಿ ಸಂಖ್ಯೆಯ ಫಲಕ ಇದೆ, ಆ ಬಾಗಿಲು ಭೂಮಿಯ ಮೇಲೆ ಎಲ್ಲಿದೆ ಅನ್ನುವುದು ಅದರಲ್ಲೇ ಅಡಗಿದೆ. ಇಲ್ಲಿನ 2008ರ ಅಡಮಾನ ಕಾನೂನಿನಲ್ಲಿ ಸಾಲಗಾರನಿಗೆ 30 ದಿನದ ನೋಟಿಸು. ನ್ಯಾಯಾಧೀಶರು ಹರಾಜನ್ನು ಮುಂದೂಡಬಹುದು, ಆದರೆ ಒಂದೇ ಸಲ, 60 ದಿನ ಮೀರದಂತೆ. ಮನೆ ಮಾಲೀಕ ತನ್ನ ಸ್ವಂತ ಬಳಕೆಗೆ ಅಂತ ನನ್ನನ್ನು ಎಬ್ಬಿಸಬೇಕಾದರೂ ನೋಟರಿ ಮೂಲಕ ಅಥವಾ ನೋಂದಾಯಿತ ಅಂಚೆಯಲ್ಲಿ 12 ತಿಂಗಳ ನೋಟಿಸು ಕೊಡಬೇಕು. ಕನಿಕರವೂ ಇದೆ, ದಿನಾಂಕವೂ ಇದೆ. ಗಡುವು ಎರಡೂ ಕಡೆಗೆ.

ನಮ್ಮಲ್ಲೂ ಇದು ಕಷ್ಟವಲ್ಲ. ಸರ್ಫೇಸಿ ನಿಯಮಾವಳಿ ತಿದ್ದಲು ಕಾಯ್ದೆಯನ್ನೇ ಬದಲಿಸಬೇಕಿಲ್ಲ, 38ನೇ ಕಲಮಿನಡಿ ಕೇಂದ್ರ ಸರ್ಕಾರವೇ ಮಾಡಬಹುದು. ಮಾರಾಟಕ್ಕೆ ಮುಂಚೆ ಪರವಾನಗಿ ಪಡೆದ ಸರ್ವೆಯರ್‌ನಿಂದ ಅಳೆಸಿ, ನಕ್ಷೆಯನ್ನೂ ಫೋಟೋವನ್ನೂ ನೋಟಿಸಿನ ಜೊತೆ ಹಾಕಲಿ. ಒತ್ತುವರಿ ಇದ್ದರೆ ಇದೆ ಅಂತ ಬರೆಯಲಿ, ಬೆಲೆ ಅದಕ್ಕೆ ತಕ್ಕಂತೆ ಇಳಿಯಲಿ, ಧೈರ್ಯ ಇದ್ದವನು ಕೊಳ್ಳಲಿ. ಕೊಂಡವನ ಹಣದಲ್ಲಿ ಒಂದು ಪಾಲು ಜಾಗ ಒಪ್ಪಿಸುವ ತನಕ ಪ್ರತ್ಯೇಕ ಖಾತೆಯಲ್ಲಿ ಇರಲಿ. ಆಗ ನೋಡಿ, ಬ್ಯಾಂಕು ಡಿ.ಸಿ. ಕಚೇರಿಗೆ ಎಷ್ಟು ಚುರುಕಾಗಿ ಓಡುತ್ತದೆ ಅಂತ! ನೋಟಿಸು ಕನ್ನಡದಲ್ಲಿರಬೇಕು ಅಂತ ಒಂದು ಸಾಲು ಸೇರಿಸಲು ಯಾವ ಸಮಿತಿಯೂ ಬೇಡ. ಖಾಸಗಿ ಜಮೀನನ್ನೂ ಭೂಕಬಳಿಕೆ ಕಾಯ್ದೆಗೆ ಸೇರಿಸುವುದು ಬೆಂಗಳೂರಿನ ಕೆಲಸ.

ನಾನು ಮಾಡಿರುವುದು ಹೀಗೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ಉಪಗ್ರಹ ಚಿತ್ರಗಳು ದಿನಾಂಕದ ಸಮೇತ ಸಿಗುತ್ತವೆ. ಬ್ಯಾಂಕಿನ ಸ್ವಾಧೀನ ನೋಟಿಸಿನ ಕಾಲದ ಚಿತ್ರದಲ್ಲಿ ಶೀಟಿಲ್ಲ, ಹರಾಜಿಗೆ ಮುಂಚಿನ ಚಿತ್ರದಲ್ಲಿ ನೀಲಿ ಶೀಟು ಹೊಳೆಯುತ್ತಿದೆ. ಎರಡನ್ನೂ ಸರ್ವೆ ನಕ್ಷೆಯ ಜೊತೆ ಲಗತ್ತಿಸಿ ಬ್ಯಾಂಕಿಗೆ ಕಳಿಸಿದ್ದೇನೆ, 14ನೇ ಕಲಮಿನ ಅರ್ಜಿ ಹಾಕಿ ಅಂತ ಲಿಖಿತವಾಗಿ ಕೇಳಿದ್ದೇನೆ. ಇಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಅಧಿಕಾರ ಪತ್ರವನ್ನು ತಂದೆಯವರ ಹೆಸರಿಗೆ ಕಳಿಸಿದೆ. ನೀವೂ ಕಳಿಸುವುದಾದರೆ ನೆನಪಿರಲಿ, ಅದು ಊರು ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಹರಾಜು ಹಿಡಿಯುವವರು ಇ.ಸಿ. ನೋಡಿ ಸುಮ್ಮನಾಗಬೇಡಿ, ಯಾವ ಇ.ಸಿ.ಯಲ್ಲೂ ಗೋಡೆ ಕಾಣುವುದಿಲ್ಲ. ಒಳಗೆ ಬಿಟ್ಟು ಅಳೆಯಲು ಕೊಡದ ಬ್ಯಾಂಕಿನ ಹರಾಜಿಗೆ ಬಿಡ್ಡೇ ಮಾಡಬೇಡಿ. ಸ್ವಾಧೀನ ಪತ್ರಕ್ಕೆ ಅಳೆಯದೆ ಸಹಿ ಹಾಕಲೇಬೇಡಿ.

ಲೋಕಸಭೆಯಲ್ಲಿ ನಮ್ಮವರು 28 ಮಂದಿ, ರಾಜ್ಯಸಭೆಯಲ್ಲಿ 12. 2019ರಲ್ಲಿ ಹಣಕಾಸು ಖಾತೆ ವಹಿಸಿಕೊಂಡ ನಿರ್ಮಲಾ ಸೀತಾರಾಮನ್ ಅವರು 2016ರಲ್ಲೂ 2022ರಲ್ಲೂ ರಾಜ್ಯಸಭೆಗೆ ಆರಿಸಿ ಹೋದದ್ದು ಕರ್ನಾಟಕದಿಂದಲೇ. ನಿಮ್ಮ ಊರಿನ ಸಂಸದರಿಗೆ ಈ ವಾರವೇ ಒಂದು ಪತ್ರ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. 9ನೇ ನಿಯಮದಲ್ಲಿ ಹಣ ಕಟ್ಟಲು 15 ದಿನ ಅಂತ ಬರೆದಿರುವ ಕಡೆಯೇ, ಜಾಗ ಒಪ್ಪಿಸಲು ಎಷ್ಟು ದಿನ ಅಂತಲೂ ಬರೆಯಿಸಿ ಅಂತ ಕೇಳಿ. ನನ್ನ ಪತ್ರ ಹೋಗಿದೆ. ಸರ್ವೆ ನಕ್ಷೆ ಓದುವುದು, ಡಿಆರ್‌ಟಿ ವ್ಯವಹಾರ ಬಲ್ಲವರು ನಮ್ಮಲ್ಲಿದ್ದರೆ ದಯವಿಟ್ಟು ಮುಂದೆ ಬನ್ನಿ. ಇದೇ ಥರ ಸಿಕ್ಕಿಹಾಕಿಕೊಂಡವರು ಶಾರ್ಜಾದಲ್ಲಿ ಇಬ್ಬರು, ಅಬುಧಾಬಿಯಲ್ಲಿ ಒಬ್ಬರು ಈಗಾಗಲೇ ನನ್ನ ಜೊತೆ ಇದ್ದಾರೆ.

ನಿಮ್ಮವ,
ಅಲ್ ಕುಸೈಸ್‌ನ ಒಬ್ಬ ಕನ್ನಡಿಗ